ಏಡಿಯ ಕರುಳು, ಮಲೆನಾಡಿನ ನೀರು

ಆಗುಂಬೆ ಸುತ್ತಿನ ಹಳ್ಳಗಳಲ್ಲಿ ಏಡಿ ಉಂಟು, ಸಿಗಡಿ ಉಂಟು, ಕ್ರೇಫಿಶ್ ಇಲ್ಲ. ಆಗುಂಬೆಯ ಮಾತು ಬಿಡಿ, ಭಾರತದ ಯಾವ ಹೊಳೆಯಲ್ಲೂ ಅದು ತಾನಾಗಿ ಹುಟ್ಟಿ ಬೆಳೆದದ್ದಿಲ್ಲ. ಏಡಿಯ ಕೊಂಬು, ಸಿಗಡಿಯ ಬಾಲ, ಗಟ್ಟಿ ಚಿಪ್ಪು ಇರುವ ಈ ಸಿಹಿನೀರಿನ ಜೀವಿ ಆಸ್ಟ್ರೇಲಿಯಾದಲ್ಲಿದೆ, ಅಮೆರಿಕ ಖಂಡಗಳಲ್ಲಿದೆ, ಯುರೋಪಿನಲ್ಲಿದೆ, ಮಡಗಾಸ್ಕರಿನಲ್ಲೂ ಇದೆ. ಮಡಗಾಸ್ಕರ್ ಮತ್ತು ಭಾರತ ಒಂದೇ ನೆಲದ ತುಂಡಾಗಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರೆಯಾದವು. ಆ ತುಂಡಿನಲ್ಲಿ ಕ್ರೇಫಿಶ್ ಉಳಿಯಿತು, ನಮ್ಮದರಲ್ಲಿ ಇಲ್ಲ. ಪಾಲಾಗುವಾಗ ಅಣ್ಣನ ಮನೆಗೆ ಏನು ಹೋಯಿತು, ತಮ್ಮನ ಮನೆಗೆ ಏನು ಬಂತು ಎಂಬ ಲೆಕ್ಕವನ್ನು ಪ್ರಾಣಿಶಾಸ್ತ್ರದವರು ಮಾಡಿಕೊಳ್ಳಲಿ.

ಇಲ್ಲದ ಪ್ರಾಣಿಯ ಕರುಳಿನ ಕಥೆಯನ್ನು ಭಾನುವಾರದ ಕಾಫಿಯ ಹೊತ್ತಿಗೆ ಯಾಕೆ ತಂದಿರಿ ಎಂದು ನೀವು ಕೇಳಬಹುದು. ತಂದದ್ದು ನಾನಲ್ಲ ಮಾರಾಯ್ರೆ, ಮೊಬೈಲು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ತಲೆಯಲ್ಲೊಂದು ಕೆರೆಯೋ ಕೃಷಿಹೊಂಡವೋ ಇರುವವರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕಿ, ಇನ್ನೇನಾದರೂ ಉಂಟೋ ಎಂದು ಹುಡುಕಿದರೆ ಸಾಕು, ಚೀನಾದ ಗದ್ದೆಗಳಲ್ಲಿ ಬುಟ್ಟಿಗಟ್ಟಲೆ ಕೆಂಪು ಕ್ರೇಫಿಶ್ ಎತ್ತುವ ವಿಡಿಯೊ ಕಣ್ಣಿಗೆ ಬೀಳುತ್ತದೆ. ಅದರ ಬೆನ್ನಿಗೇ ‘ಗಟ್ ಹೆಲ್ತ್’ ಪುಡಿಗಳ ಜಾಹೀರಾತು. ಮನುಷ್ಯರಿಗೆ, ಕೋಳಿಗೆ, ಹಂದಿಗೆ ಬಂದ ಪ್ರೀಬಯೋಟಿಕ್ ಈಗ ಸಿಗಡಿಗೂ ಕ್ರೇಫಿಶ್‌ಗೂ ಬಂದಿದೆ. ಆ ಪುಡಿಯ ಹಿಂದೆ ನಿಜವಾದ ವಿಜ್ಞಾನ ಇದೆ, ಅದನ್ನು ಹಗುರ ಮಾಡಬಾರದು. ಆದರೆ ಆಗುಂಬೆಯ ಮಳೆಗೆ ಸಿಕ್ಕ ಕೆರೆಗೆ ಅದು ಮೊದಲನೆಯ ಮದ್ದಲ್ಲ, ಎರಡನೆಯದೂ ಅಲ್ಲ. ಯಾಕೆಂದು ಹೇಳಬೇಕಾದರೆ ಕರುಳಿನಿಂದಲೇ ಶುರುಮಾಡಬೇಕು.

ಹೊಟ್ಟೆಯಲ್ಲಿ ಹಲ್ಲು

ಪ್ರೀಬಯೋಟಿಕ್ ಎಂಬ ಹೆಸರನ್ನು 1995ರಲ್ಲಿ ಚಲಾವಣೆಗೆ ತಂದವರು ಬ್ರಿಟನ್ನಿನ ಗ್ಲೆನ್ ಗಿಬ್ಸನ್ ಮತ್ತು ಬೆಲ್ಜಿಯಂನ ಮಾರ್ಸೆಲ್ ರಾಬರ್‌ಫ್ರಾಯ್ಡ್. ಜೀವಂತ ಬ್ಯಾಕ್ಟೀರಿಯಾವನ್ನೇ ಹೊಟ್ಟೆಗೆ ಕೊಟ್ಟರೆ ಅದು ಪ್ರೋಬಯೋಟಿಕ್. ಹೊಟ್ಟೆಯಲ್ಲಿ ಮೊದಲೇ ಇರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಊಟ ಹಾಕಿದರೆ ಅದು ಪ್ರೀಬಯೋಟಿಕ್. ಉಣ್ಣುವ ಪ್ರಾಣಿಗೆ ಅದು ಜೀರ್ಣವಾಗಬಾರದು, ಅದೇ ಅದರ ಗುಣ. ಪ್ರಕೃತಿ ಇದನ್ನು ಪ್ರಯೋಗಾಲಯಕ್ಕಿಂತ ಬಹಳ ಮೊದಲೇ ಮಾಡಿದೆ: ಮಗುವಿಗೆ ಅರಗದ ಸಕ್ಕರೆಯ ಸರಪಳಿಗಳು ತಾಯಿಯ ಹಾಲಿನಲ್ಲಿವೆ. ಅವು ಇರುವುದು ಮಗುವಿನ ಕರುಳಿನಲ್ಲಿ ನೆಲೆಸುವ ಬಿಫಿಡೋ ಬ್ಯಾಕ್ಟೀರಿಯಾಕ್ಕಾಗಿ.

ಮಾರುಕಟ್ಟೆಯಲ್ಲಿ ಸಿಗುವ ಪ್ರೀಬಯೋಟಿಕ್‌ಗಳಲ್ಲಿ ಇನ್ಯುಲಿನ್ ಹಳೆಯದು. ಅದನ್ನು ತೆಗೆಯುವುದು ಹೆಚ್ಚಾಗಿ ಚಿಕೋರಿ ಬೇರಿನಿಂದ. ಹೌದು, ನಿಮ್ಮ ಲೋಟದಲ್ಲಿರುವ ಕಾಫಿಪುಡಿಗೆ ಬೆರೆಸಿದ ಅದೇ ಚಿಕೋರಿ. ಹುರಿಯುವಾಗ ಅದರಲ್ಲಿನ ಇನ್ಯುಲಿನ್ ಬಹಳಷ್ಟು ಒಡೆದು ಕಂದುಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ಎರಡು ಲೋಟ ಹೆಚ್ಚು ಕುಡಿದು ಕರುಳಿಗೆ ಉಪಕಾರ ಮಾಡಿದೆನೆಂದು ಹಿಗ್ಗುವುದು ಬೇಡ. ಈರುಳ್ಳಿ, ಬೆಳ್ಳುಳ್ಳಿ, ಬಾಳೆಹಣ್ಣಿನಲ್ಲಿ ಇದೇ ಕುಟುಂಬದ ಚಿಕ್ಕ ಸರಪಳಿಗಳಾದ ಫ್ರಕ್ಟೋ ಆಲಿಗೋಸ್ಯಾಕರೈಡ್‌ಗಳಿವೆ. ಇನ್ನೊಂದು ಬಗೆ ಯೀಸ್ಟಿನ ಕೋಶಗೋಡೆಯಿಂದ ಬರುವ ಮನ್ನಾನ್ ಆಲಿಗೋಸ್ಯಾಕರೈಡ್ ಮತ್ತು ಬೀಟಾ ಗ್ಲುಕಾನ್. ಬ್ರೆಡ್ಡನ್ನು ಉಬ್ಬಿಸುವ, ಬಗನಿ ಕಳ್ಳಿನಲ್ಲಿ ನೊರೆ ಏಳಿಸುವ ಯೀಸ್ಟೇ ಇದರ ಕಚ್ಚಾವಸ್ತು. ಜಲಕೃಷಿಯ ಮೇವಿನಲ್ಲಿ ಹೆಚ್ಚು ಓಡುತ್ತಿರುವುದು ಈ ಯೀಸ್ಟಿನ ಸರಕು.

ಈಗ ಕ್ರೇಫಿಶ್‌ನ ಹೊಟ್ಟೆ. ಅದರ ಜಠರದೊಳಗೆ ಹಲ್ಲುಗಳಿವೆ. ಬಾಯಲ್ಲಿ ಹರಿದು ನುಂಗಿದ್ದನ್ನು ಆ ಹಲ್ಲುಗಳು ಅರೆದು, ಸೋಸಿ, ನುಣ್ಣಗಿನ ಭಾಗವನ್ನು ಪಕ್ಕದ ಹಳದಿ-ಕಂದು ಗ್ರಂಥಿಗೆ ಕಳಿಸುತ್ತವೆ. ಏಡಿ ಸಾರು ಉಂಡವರಿಗೆ ಚಿಪ್ಪಿನೊಳಗಿನ ಆ ಹಳದಿ ಮೆತ್ತನೆಯ ಭಾಗ ಗೊತ್ತಿದೆ. ಅದು ಅದರ ಪಿತ್ತಜನಕಾಂಗವೂ ಹೌದು, ಮೇದೋಜೀರಕವೂ ಹೌದು, ಕೊಬ್ಬಿನ ಉಗ್ರಾಣವೂ ಹೌದು. ಅಲ್ಲಿಂದ ಮುಂದಿನದು ಬಾಲದ ತುದಿಯವರೆಗೆ ಓಡುವ ಸಪೂರ ನೇರ ಕೊಳವೆ. ಸಿಗಡಿ ಬಿಡಿಸುವಾಗ ಬೆನ್ನಿನಿಂದ ಎಳೆದು ಬಿಸಾಡುತ್ತೇವಲ್ಲ, ಆ ಕಪ್ಪು ದಾರವೇ ಅದು.

ವಿಚಿತ್ರ ಏನೆಂದರೆ, ಈ ಕರುಳಿನ ಮುಂಭಾಗಕ್ಕೂ ಹಿಂಭಾಗಕ್ಕೂ ಒಳಗಿನಿಂದ ಚಿಪ್ಪಿನದೇ ತೆಳು ಅಸ್ತರಿ ಇದೆ. ಪ್ರಾಣಿ ಪೊರೆ ಕಳಚುವಾಗ ಮೈಮೇಲಿನ ಚಿಪ್ಪಿನ ಜೊತೆ ಈ ಅಸ್ತರಿಯೂ, ಜಠರದ ಹಲ್ಲುಗಳೂ ಕಳಚಿ ಹೋಗುತ್ತವೆ. ಹಳೆಯ ಗೋಡೆಗೆ ಅಂಟಿಕೊಂಡಿದ್ದ ಬ್ಯಾಕ್ಟೀರಿಯಾ ಸಂಸಾರವೂ ಅದರ ಜೊತೆ ಎದ್ದು ಹೋಗುತ್ತದೆ. ಮತ್ತೆ ಹೊಸ ಗೋಡೆ, ಹೊಸ ಒಕ್ಕಲು. ಮೈ ಮೆತ್ತಗಿರುವ ಆ ಹೊತ್ತಿನಲ್ಲಿ ಮೊದಲು ಯಾರು ಬಂದು ನೆಲೆಸುತ್ತಾರೆ ಎಂಬುದರ ಮೇಲೆ ಅದರ ಆರೋಗ್ಯದ ದೊಡ್ಡ ಪಾಲು ನಿಂತಿದೆ. ಬರುವುದು ಸುತ್ತಲಿನ ನೀರಿನಿಂದ, ತಳದ ಕೆಸರಿನಿಂದ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮನುಷ್ಯರಿಗಿರುವಂತೆ ಪ್ರತಿಕಾಯಗಳು ಈ ಜೀವಿಗಳಿಗಿಲ್ಲ. ಹೋದ ವರ್ಷ ಬಂದ ರೋಗವನ್ನು ರಕ್ತ ನೆನಪಿಟ್ಟುಕೊಂಡು ಈ ವರ್ಷ ತಡೆಯುವ ಏರ್ಪಾಡು ನಮ್ಮದರಂತೆ ಇಲ್ಲ, ಹಾಗಾಗಿ ಮಕ್ಕಳಿಗೆ ಹಾಕಿಸುವ ರೀತಿಯ ಲಸಿಕೆ ಇಲ್ಲಿ ನಡೆಯುವುದಿಲ್ಲ. ಇರುವುದು ತಕ್ಷಣದ ಕಾವಲು. ಶಿಲೀಂಧ್ರದ ಗೋಡೆಯಲ್ಲಿರುವ ಬೀಟಾ ಗ್ಲುಕಾನ್ ರಕ್ತಕ್ಕೆ ತಗಲಿದೊಡನೆ ಕ್ರೇಫಿಶ್‌ನ ರಕ್ತಕಣಗಳು ಎಚ್ಚೆತ್ತು, ಹೊಕ್ಕವನ ಸುತ್ತ ಕಪ್ಪು ಮೆಲನಿನ್ ಕಟ್ಟಿ ಉಸಿರುಗಟ್ಟಿಸುತ್ತವೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಕೆನೆತ್ ಸೋಡರ್‌ಹಾಲ್ ಈ ವ್ಯವಸ್ಥೆಯನ್ನು ದಶಕಗಳ ಕಾಲ ಕ್ರೇಫಿಶ್‌ನಲ್ಲೇ ಬಿಡಿಸಿ ನೋಡಿದರು. ಯೀಸ್ಟಿನ ಗ್ಲುಕಾನನ್ನು ಮೇವಿಗೆ ಹಾಕುವ ಯೋಚನೆಯ ಬೇರು ಇಲ್ಲಿದೆ: ಕಳ್ಳ ಬರುವ ಮೊದಲೇ ಕಾವಲಿನವನನ್ನು ಸಣ್ಣಗೆ ಎಬ್ಬಿಸಿಡುವುದು. ಸಣ್ಣಗೆ ಎಂಬುದು ಮುಖ್ಯ. ತಿಂಗಳುಗಟ್ಟಲೆ ಬಿಡದೆ ಎಬ್ಬಿಸಿದರೆ ಕಾವಲಿನವನು ಸುಸ್ತಾಗುತ್ತಾನೆ ಎಂಬುದೂ ಸಿಗಡಿಗಳಲ್ಲಿ ಕಂಡುಬಂದಿದೆ.

ಮನ್ನಾನ್ ಸರಪಳಿಯ ದಾರಿ ಬೇರೆ. ಹಲವು ರೋಗಕಾರಿ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೆ ಕಚ್ಚಿಕೊಳ್ಳುವುದು ಅಲ್ಲಿನ ಮ್ಯಾನೋಸ್ ಸಕ್ಕರೆಯನ್ನು ಹಿಡಿದು. ಮೇವಿನಲ್ಲಿ ಅದೇ ಸಕ್ಕರೆ ತೇಲಿ ಬಂದರೆ ಅವು ಗೋಡೆಯನ್ನು ಬಿಟ್ಟು ಅದಕ್ಕೆ ಕಚ್ಚಿಕೊಂಡು ಹಿಕ್ಕೆಯ ಜೊತೆ ಹೊರಗೆ ಹೋಗುತ್ತವೆ. ಹರಿವಿಗೆ ಒಡ್ಡಿದ ಕೂಣಿಗೆ ಮೀನು ತಾನಾಗಿ ನುಗ್ಗಿದ ಹಾಗೆ.

ಪರ್ತ್‌ನಿಂದ ಮಂಗಳೂರಿಗೆ

ಕ್ರೇಫಿಶ್‌ಗೆ ಇದನ್ನು ತಿನ್ನಿಸಿ ನೋಡಿದವರಲ್ಲಿ ಮೊದಲು ಹೇಳಬೇಕಾದ್ದು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಕರ್ಟಿನ್ ವಿಶ್ವವಿದ್ಯಾಲಯವನ್ನು. ಅಲ್ಲಿ ರವಿ ಫೋತೆದಾರ್ ಅವರ ತಂಡ ‘ಮ್ಯಾರನ್’ ಎಂಬ ದೊಡ್ಡ ಜಾತಿಯ ಕ್ರೇಫಿಶ್‌ಗೆ ಮನ್ನಾನ್ ಬೆರೆಸಿದ ಮೇವು ಕೊಟ್ಟು 2009ರಲ್ಲಿ ಪ್ರಕಟಿಸಿದ ಫಲಿತಾಂಶ ಈಗಲೂ ಎಲ್ಲರೂ ಉಲ್ಲೇಖಿಸುವಂಥದ್ದು. ಪ್ರಮಾಣ ಕಿಲೊ ಮೇವಿಗೆ ಬೆರಳೆಣಿಕೆಯ ಗ್ರಾಂ. ರೋಗಾಣು ಸೇರಿದಂತೆ ಬೇರೆ ಬೇರೆ ಕಷ್ಟಕ್ಕೆ ಒಡ್ಡಿದಾಗ ಮನ್ನಾನ್ ತಿಂದವು ಹೆಚ್ಚು ಉಳಿದವು. ಟರ್ಕಿ, ಇರಾನ್‌ಗಳಲ್ಲಿ ಅಲ್ಲಿನ ಸಪೂರ ಕೊಂಬಿನ ಕ್ರೇಫಿಶ್ ಮೇಲೆ ಇಂಥವೇ ಪ್ರಯೋಗಗಳಾದವು. ಬೆಳವಣಿಗೆ ಕೆಲವೆಡೆ ಹೆಚ್ಚಿತು, ಕೆಲವೆಡೆ ಏನೂ ಆಗಲಿಲ್ಲ. ಈ ಎಲ್ಲವನ್ನೂ ಒಟ್ಟಿಗಿಟ್ಟು ಓದಿದರೆ ನನಗೆ ಕಾಣುವುದು: ಸುಖದಲ್ಲಿರುವ ಪ್ರಾಣಿಗೆ ಪ್ರೀಬಯೋಟಿಕ್‌ನಿಂದ ದೊಡ್ಡ ಲಾಭವಿಲ್ಲ, ಕಷ್ಟದಲ್ಲಿರುವುದಕ್ಕೆ ಸ್ವಲ್ಪ ತಡೆದುಕೊಳ್ಳುವ ಶಕ್ತಿ ಬರುತ್ತದೆ. ಆದರೆ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ತಿಳಿನೀರಿನ ತೊಟ್ಟಿಗಳಲ್ಲಿ, ಕೆಲವೇ ವಾರ. ಜುಲೈ ತಿಂಗಳ ತೀರ್ಥಹಳ್ಳಿಯ ಕೆಂಪುನೀರಿನ ಕೆರೆ ಅವುಗಳಲ್ಲಿ ಇಲ್ಲ.

ಇಷ್ಟೊಂದು ಜನ ಈ ಪುಡಿಗಳ ಹಿಂದೆ ಬಿದ್ದದ್ದಕ್ಕೆ ಆ್ಯಂಟಿಬಯೋಟಿಕ್ ಕಾರಣ, ಆ ಕಥೆಯಲ್ಲಿ ನಮ್ಮ ಮಂಗಳೂರಿಗೂ ಪಾಲಿದೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು ಶುರುವಾದದ್ದು ಮಂಗಳೂರಿನಲ್ಲಿ, 1969ರಲ್ಲಿ. ಅಲ್ಲಿನ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ತಂಡ 1994ರಲ್ಲಿ ಒಂದು ವರದಿ ಪ್ರಕಟಿಸಿತು. ಹ್ಯಾಚರಿಯೊಂದರಲ್ಲಿ ಟೈಗರ್ ಸಿಗಡಿಯ ಮರಿಗಳು ಸಾಮೂಹಿಕವಾಗಿ ಸಾಯುತ್ತಿದ್ದವು, ಕೊಂದದ್ದು ಹಲವು ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದ ವಿಬ್ರಿಯೊ ಹಾರ್ವೆಯಿ ಬ್ಯಾಕ್ಟೀರಿಯಾ. ರೋಗ ಬಾರದಿರಲಿ ಎಂದು ಸುರಿದ ಔಷಧವೇ ಔಷಧಕ್ಕೆ ಹೆದರದ ರೋಗಾಣುವನ್ನು ಸಾಕುತ್ತಿತ್ತು. 2002ರ ಸುಮಾರಿಗೆ ಏಷ್ಯಾದ ಸಿಗಡಿಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಶೇಷ ಸಿಕ್ಕಿ ಯುರೋಪಿನ ಬಂದರುಗಳಲ್ಲಿ ಸರಕು ನಿಂತಿತು. 2006ರ ಜನವರಿ 1ರಿಂದ ಯುರೋಪ್ ಒಕ್ಕೂಟ ಜಾನುವಾರುಗಳ ಬೆಳವಣಿಗೆಗೆಂದು ಆ್ಯಂಟಿಬಯೋಟಿಕ್ ತಿನ್ನಿಸುವುದನ್ನೇ ನಿಲ್ಲಿಸಿತು. ಖಾಲಿಯಾದ ಆ ಜಾಗಕ್ಕೆ ಬಂದು ಕೂತದ್ದು ಪ್ರೋಬಯೋಟಿಕ್, ಪ್ರೀಬಯೋಟಿಕ್‌ಗಳು. ಕೊಲ್ಲುವ ಮದ್ದಿಗೆ ಬದಲು ಸಾಕುವ ಮೇವು. ಯೋಚನೆಯಾಗಿ ಇದು ಒಳ್ಳೆಯದೇ.

ಆದರೂ ಅಂಗಡಿಯವರು ಹೇಳದ ಒಂದು ಸಂಗತಿ ಇದೆ. ಮೀನುಗಳು ಮೇವನ್ನು ಗಬಕ್ಕನೆ ನುಂಗುತ್ತವೆ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಸಮೀಪದ ಚಿಬ್ಬಲಗುಡ್ಡೆ ಮತ್ಸ್ಯಧಾಮದಲ್ಲಿ ಮಂಡಕ್ಕಿ ಎಸೆದವರು ಅದನ್ನು ನೋಡಿದ್ದಾರೆ, ನೀರಿಗೆ ಬಿದ್ದದ್ದೇ ತಡ ಮಾಯ. (ಬರೀ ಹಿಟ್ಟಿನಂಶದ ಮಂಡಕ್ಕಿ ಆ ಮೀನುಗಳ ಕರುಳಿಗೆ ಏನು ಮಾಡುತ್ತದೆಂದು ಯಾರಾದರೂ ನೋಡಬೇಕಿತ್ತು. ಭಕ್ತಿಯ ಮಾತು ಬಂದರೆ ನಾವು ಪ್ರಶ್ನೆ ಕೇಳುವುದಿಲ್ಲ.) ಕ್ರೇಫಿಶ್, ಸಿಗಡಿಗಳ ಊಟದ ಕ್ರಮ ಬೇರೆ. ಮೇವಿನ ಗುಳಿಗೆಯನ್ನು ಕಾಲಲ್ಲಿ ಹಿಡಿದು, ಅಂಚಿನಿಂದ ಸ್ವಲ್ಪಸ್ವಲ್ಪವೇ ಕಡಿಯುತ್ತ ಗಂಟೆಗಟ್ಟಲೆ ಕೂರುತ್ತವೆ. ಅಷ್ಟು ಹೊತ್ತು ಗುಳಿಗೆ ನೀರಿನಲ್ಲಿ ನೆನೆಯುತ್ತದೆ. ಇನ್ಯುಲಿನ್, ಫ್ರಕ್ಟೋ ಆಲಿಗೋಸ್ಯಾಕರೈಡ್‌ಗಳು ನೀರಿನಲ್ಲಿ ಕರಗುವಂಥವು. ಗುಳಿಗೆಯ ಮೇಲೆ ಪುಡಿ ಉದುರಿಸಿ ಕೊಟ್ಟರೆ ಕರುಳಿಗೆ ಮುಟ್ಟುವ ಮೊದಲೇ ಅದರ ಬಹುಪಾಲು ಕೆರೆಗೆ ಹೋಯಿತು. ಗುಳಿಗೆ ತಯಾರಿಸುವಾಗಲೇ ಒಳಗೆ ಸೇರಿಸಿರಬೇಕು, ಇಲ್ಲವೇ ಅಂಟುಪದಾರ್ಥದ ಜೊತೆ ಕಲಸಿ, ಎಣ್ಣೆಯ ಲೇಪ ಕೊಟ್ಟು ಒಣಗಿಸಿರಬೇಕು. ಹಾಗೆ ಮಾಡದ ಪುಡಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ್ದೇ, ಅಕ್ಷರಶಃ.

ಸುಣ್ಣ ಮತ್ತು ಮೈಲುತುತ್ತ

ಈಗ ಆಗುಂಬೆಗೆ ಬರೋಣ. ವರ್ಷಕ್ಕೆ ಸರಾಸರಿ 7,600 ಮಿ.ಮೀ. ಆಸುಪಾಸು ಮಳೆ ಬೀಳುವ ಊರು. ಇಷ್ಟು ಮಳೆ ಸಾವಿರಾರು ವರ್ಷ ತೊಳೆದ ನೆಲದಲ್ಲಿ ಕಬ್ಬಿಣವೂ ಅಲ್ಯುಮಿನಿಯಮ್ಮೂ ಉಳಿದಿವೆ, ಸುಣ್ಣದ ಅಂಶ ಬಸಿದು ಹೋಗಿದೆ. ಜಂಬಿಟ್ಟಿಗೆ ನೆಲ ಹುಳಿ, ಅದರ ಮೇಲೆ ನಿಂತ ನೀರು ಮೆದು. ಬಟ್ಟೆ ಒಗೆಯುವವರಿಗೆ ಸಾಬೂನು ಬೇಗ ನೊರೆ ಬರುವುದು ಸಂತೋಷ, ಚಿಪ್ಪು ಕಟ್ಟಬೇಕಾದ ಪ್ರಾಣಿಗೆ ಅದೇ ಸಂಕಟ.

ಚಿಪ್ಪೆಂದರೆ ಕೈಟಿನ್ ಹಂದರದಲ್ಲಿ ಕೂತ ಸುಣ್ಣ. ಪೊರೆ ಕಳಚುವ ಮೊದಲು ಕ್ರೇಫಿಶ್ ಹಳೆಯ ಚಿಪ್ಪಿನ ಸುಣ್ಣದಲ್ಲಿ ಒಂದಿಷ್ಟನ್ನು ಹಿಂದಕ್ಕೆ ಎಳೆದು, ಜಠರದ ಗೋಡೆಯಲ್ಲಿ ಎರಡು ಬಿಳಿ ಬಿಲ್ಲೆಗಳಾಗಿ ಕೂಡಿಡುತ್ತದೆ. ಪೊರೆ ಬಿಟ್ಟ ಮೇಲೆ ಬಿಲ್ಲೆಗಳು ಹೊಟ್ಟೆಯಲ್ಲೇ ಕರಗಿ ಬಾಯಿಯ ಭಾಗಗಳೂ ಜಠರದ ಹಲ್ಲೂ ಮೊದಲು ಗಟ್ಟಿಯಾಗುತ್ತವೆ. ಹಿಂದೆ ಯುರೋಪಿನ ಔಷಧಿ ಅಂಗಡಿಗಳಲ್ಲಿ ಈ ಬಿಲ್ಲೆಗಳನ್ನು ‘ಏಡಿಗಣ್ಣು’ ಎಂದು ಎದೆಯುರಿಗೆ ಮಾರುತ್ತಿದ್ದರು. ಸುಣ್ಣವೇ ತಾನೆ, ಹುಳಿ ಇಳಿದಿರಬೇಕು. ಆದರೆ ಬಿಲ್ಲೆಯ ದಾಸ್ತಾನು ಸಾಲದು, ಉಳಿದದ್ದು ನೀರಿನಿಂದ ಕಿವಿರಿನ ಮೂಲಕ ಬರಬೇಕು. ಸಾಕಣೆಗೆ ನೀರಿನ ಗಡಸುತನವೂ ಕ್ಷಾರತೆಯೂ ಲೀಟರಿಗೆ 50 ಮಿಲಿಗ್ರಾಂಗಿಂತ ಮೇಲಿರಲಿ ಎಂಬುದು ಸಾಮಾನ್ಯ ಸಲಹೆ. ಮಳೆನೀರೇ ತುಂಬಿದ ಮಲೆನಾಡಿನ ಹೊಂಡದಲ್ಲಿ ಅಷ್ಟನ್ನು ನಿರೀಕ್ಷಿಸುವಂತಿಲ್ಲ. ಚಿಪ್ಪು ತಡವಾಗಿ ಗಟ್ಟಿಯಾಗುತ್ತದೆ, ಮೆತ್ತಗಿನದನ್ನು ಪಕ್ಕದವೇ ತಿನ್ನುತ್ತವೆ. ಇದು ಕರುಳಿನ ರೋಗವಲ್ಲ, ಯಾವ ಇನ್ಯುಲಿನ್‌ಗೂ ಬಗ್ಗುವುದಿಲ್ಲ. ಹೆಕ್ಟೇರಿಗೆ 200ರಿಂದ 500 ಕಿಲೊ ಸುಣ್ಣವನ್ನು ಮಣ್ಣಿನ ಹುಳಿ ನೋಡಿಕೊಂಡು ಹಾಕುವುದು ಮೀನು ಸಾಕಣೆಯ ಹಳೆಯ ಪಾಠ. ಆಗುಂಬೆಯಂಥಲ್ಲಿ ಒಂದು ಮಳೆಗಾಲ ಅದನ್ನು ತೊಳೆದುಬಿಡುತ್ತದೆ, ಮತ್ತೆ ಹಾಕಬೇಕು.

ಸುಣ್ಣದ ಮಾತು ಬಂದಾಗ ಮೈಲುತುತ್ತದ ಮಾತೂ ಬರಬೇಕು. ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ಮಿಶ್ರಣವನ್ನು ನಮ್ಮ ತೋಟಗಳಿಗೆ ತಂದವರು ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲಿನ ಅವರ ವರದಿ 1910ರದು. ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ಕಾಲ ಹಿಂದಾಯಿತು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಮಳೆ ಹಿಡಿಯುವ ಮೊದಲೊಮ್ಮೆ, ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಹೊಡೆಯುತ್ತಾರೆ. ಅದಿಲ್ಲದಿದ್ದರೆ ಎಷ್ಟೋ ಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತಿರಲಿಲ್ಲ, ಅದನ್ನು ಬಿಡಿ ಎಂದು ಹೇಳುವ ಬಾಯಿ ನನ್ನದಲ್ಲ.

ಆದರೆ ಮೈಲುತುತ್ತ ಎಂದರೆ ತಾಮ್ರ. ಏಡಿ, ಸಿಗಡಿ, ಕ್ರೇಫಿಶ್‌ಗಳ ರಕ್ತದಲ್ಲಿ ನಮ್ಮ ಕಬ್ಬಿಣದ ಜಾಗದಲ್ಲಿರುವುದೂ ತಾಮ್ರವೇ, ಆದ್ದರಿಂದ ಅವುಗಳ ರಕ್ತ ನೀಲಿ. ಅವುಗಳಿಗೆ ಅದು ಚೂರು ಬೇಕು, ನೀರಿನಲ್ಲಿ ಸ್ವಲ್ಪ ಹೆಚ್ಚಾದರೆ ವಿಷ. ಕಿವಿರು ಕೆಡುತ್ತದೆ, ಆಮೇಲೆ ಆ ಹಳದಿ ಗ್ರಂಥಿಯಲ್ಲಿ ತಾಮ್ರ ತುಂಬಿಕೊಂಡು ಜೀರ್ಣಶಕ್ತಿ ಕುಂದುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕಣಗಳು ಕಿವಿರಿನ ಬಾಗಿಲಲ್ಲಿ ತಾಮ್ರಕ್ಕೆ ಪೈಪೋಟಿ ಕೊಟ್ಟು ತಡೆಯುತ್ತವೆ. ಮೆದು ನೀರಿನಲ್ಲಿ ಆ ತಡೆ ಇಲ್ಲ. ಅಂದರೆ ಒಂದೇ ಪ್ರಮಾಣದ ತಾಮ್ರ ಬಯಲುಸೀಮೆಯ ಕೆರೆಗಿಂತ ಮಲೆನಾಡಿನ ಹೊಂಡದಲ್ಲಿ ಹೆಚ್ಚು ಕೆಡುಕು ಮಾಡುತ್ತದೆ. ತೋಟದ ಬಸಿಗಾಲುವೆ ನೇರ ಹೊಂಡಕ್ಕೆ ಇಳಿಯುವಂತಿದ್ದರೆ, ಔಷಧಿ ಹೊಡೆದು ಡ್ರಮ್ಮು, ಪೈಪು ತೊಳೆದ ನೀರೂ ಅಲ್ಲಿಗೇ ಹೋಗುತ್ತಿದ್ದರೆ, ಮೊದಲು ಆ ಕಾಲುವೆಯ ದಿಕ್ಕು ತಿರುಗಿಸಿ. ಕರುಳಿನ ಆರೋಗ್ಯದ ಮೊದಲ ಕೆಲಸ ಹಾರೆ-ಗುದ್ದಲಿಯದು.

ಕರುಳಿಗೆ ಹಾಕುವ ಬದಲು ಕೆರೆಗೆ

ವಿಡಿಯೊಗಳು ತೋರಿಸದ ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾದದ್ದು. ಕ್ರೇಫಿಶ್ ಸಾಕಣೆಗೆ ಹೆಸರಾದ ಅಮೆರಿಕದ ಲೂಸಿಯಾನದಲ್ಲಿ ರೈತರು ಬಹುಮಟ್ಟಿಗೆ ಗುಳಿಗೆ ಮೇವು ಹಾಕುವುದೇ ಇಲ್ಲ. ಭತ್ತ ಕೊಯ್ದ ಗದ್ದೆಗೆ ನೀರು ನಿಲ್ಲಿಸುತ್ತಾರೆ. ಕೂಳೆ, ಹುಲ್ಲು ಕೊಳೆಯುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರ, ಪಾಚಿಯ ಲೋಳೆ ಕಟ್ಟುತ್ತದೆ, ಅದನ್ನು ತಿನ್ನುವ ಹುಳಗಳು ಬರುತ್ತವೆ, ಇದೆಲ್ಲವನ್ನೂ ಕ್ರೇಫಿಶ್ ಮೇಯುತ್ತದೆ. ಅಲ್ಲಿಂದ 1927ರಲ್ಲಿ ಗೂಳಿಕಪ್ಪೆಗೆ ತಿನ್ನಿಸಲೆಂದು ಜಪಾನಿಗೆ ಒಯ್ದ ಈ ಕೆಂಪು ಕ್ರೇಫಿಶ್, ಎರಡೇ ವರ್ಷದಲ್ಲಿ ಚೀನಾ ಸೇರಿತು. ಈಗ ಚೀನಾದಲ್ಲಿ ವರ್ಷಕ್ಕೆ 20 ಲಕ್ಷ ಟನ್ನಿಗೂ ಮಿಕ್ಕಿ ಬೆಳೆಯುತ್ತಾರೆ, ಅದರ ದೊಡ್ಡ ಪಾಲು ಭತ್ತದ ಗದ್ದೆಯಲ್ಲೇ.

ಅರಗದ ನಾರನ್ನು ಬ್ಯಾಕ್ಟೀರಿಯಾಕ್ಕೆ ಹಾಕಿ, ಬ್ಯಾಕ್ಟೀರಿಯಾದಿಂದ ಪ್ರಾಣಿಗೆ ಉಪಕಾರ ಪಡೆಯುವುದು ಪ್ರೀಬಯೋಟಿಕ್ ತತ್ವವಾದರೆ, ಹುಲ್ಲು ಕೊಳೆತ ಗದ್ದೆಯಲ್ಲಿ ನಡೆಯುತ್ತಿರುವುದೂ ಅದೇ, ಕರುಳಿನ ಹೊರಗೆ. ಮಂಗಳೂರಿನ ಕಾಲೇಜು ಇದನ್ನು ನಮ್ಮ ಮೀನುಗಳಲ್ಲೇ ತೋರಿಸಿಕೊಟ್ಟಿದೆ. ಕೆ.ಎಂ. ಶಂಕರ್ ಮತ್ತು ಸಂಗಡಿಗರು ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿಸಿದ ಜಲಕಳೆ ಇವನ್ನು ತೊಟ್ಟಿಯ ನೀರಿನಲ್ಲಿ ಇಳಿಬಿಟ್ಟು ಗೆಂಡೆ, ರೋಹು ಬೆಳೆಸಿ ನೋಡಿದರು. 1999ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕಬ್ಬಿನ ಸಿಪ್ಪೆಯ ಮೇಲೆ ಕಟ್ಟಿದ ಬ್ಯಾಕ್ಟೀರಿಯಾ ಪದರ ಎಲ್ಲಕ್ಕಿಂತ ಚೆನ್ನಾಗಿ ಮೀನನ್ನು ಬೆಳೆಸಿತು. ಅದೇ ಕಾಲೇಜಿನ ಪಿ. ಕೇಶವನಾಥ್ ತಂಡ ನೀರಿನಲ್ಲಿ ನೆಟ್ಟ ಬಿದಿರಿನ ಮೇಲೆ ಕಟ್ಟುವ ಪಾಚಿಪದರದ ಮೇಲೆ ಕೆಲಸ ಮಾಡಿತು. ಮಲೆನಾಡಿನಲ್ಲಿ ಬಿದಿರಿಗೆ ಬರವೇ? ಪೊರೆ ಕಳಚಿದ ಸಿಗಡಿಯ ಹೊಸ ಕರುಳಿಗೆ ಒಕ್ಕಲು ಬರುವುದು ಸುತ್ತಲಿನ ನೀರಿನಿಂದ ಎಂದೆನಲ್ಲ. ಬಿದಿರಿನ ಮೇಲೆ ಒಳ್ಳೆಯ ಪದರ ಕಟ್ಟಿದ ಕೆರೆಯಲ್ಲಿ ಆ ಒಕ್ಕಲು ಒಳ್ಳೆಯದಾಗಿರುವ ಸಂಭವ ಹೆಚ್ಚು. ಒಂದೇ ಎಚ್ಚರಿಕೆ, ಹುಲ್ಲು-ಸಿಪ್ಪೆ ಅತಿಯಾಗಿ ಹಾಕಿದರೆ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಬಿದಿರಿನಲ್ಲಿ ಆ ಭಯ ಕಡಿಮೆ.

ಬೇಡದ ನೆಂಟ

ಹಾಗಾದರೆ ಗದ್ದೆ ಉಂಟು, ನೀರು ಉಂಟು, ಹುಲ್ಲು ಉಂಟು, ಕ್ರೇಫಿಶ್ ತಂದು ಬಿಡೋಣ ಎಂದರೆ? ಬೇಡ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಅಮೆರಿಕದ ಕ್ರೇಫಿಶ್‌ಗಳು ಒಂದು ರೋಗವನ್ನು ಹೊತ್ತು ತಿರುಗುತ್ತವೆ, ಅವುಗಳಿಗೆ ಅದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡ ಈ ‘ಕ್ರೇಫಿಶ್ ಪ್ಲೇಗ್’ ಯುರೋಪಿನ ಹೊಳೆಹೊಳೆಗಳನ್ನು ಬರಿದು ಮಾಡುತ್ತ 1907ರಲ್ಲಿ ಸ್ವೀಡನ್ ತಲುಪಿತು. ಕಳೆದುಹೋದದ್ದಕ್ಕೆ ಬದಲಿಗೆ ಇರಲೆಂದು 1960ರ ಹೊತ್ತಿಗೆ ಸ್ವೀಡನ್ನಿನವರು ಅಮೆರಿಕದಿಂದಲೇ ಇನ್ನೊಂದು ಜಾತಿ ತಂದು ಬಿಟ್ಟರು. ರೋಗ ಹೊತ್ತವನನ್ನೇ ಮನೆಗೆ ಕರೆದಂತಾಯಿತು, ಉಳಿದಿದ್ದ ನಾಡತಳಿಗೂ ಕುತ್ತು ಬಂತು. ಸೋಡರ್‌ಹಾಲ್ ಅವರ ದೊಡ್ಡ ಸಂಶೋಧನೆಗೆ ಪ್ರೇರಣೆಯಾದದ್ದೂ ಈ ಪ್ಲೇಗ್ ತರುವ ಶಿಲೀಂಧ್ರದಂಥ ಜೀವಿಯೇ.

ಇನ್ನೊಂದು ಉದಾಹರಣೆ ಇದಕ್ಕಿಂತ ಹೆದರಿಕೆಯದು. 1995ರಲ್ಲಿ ಜರ್ಮನಿಯ ಅಕ್ವೇರಿಯಂ ಪೇಟೆಯಲ್ಲಿ ಕಾಣಿಸಿಕೊಂಡ ಅಮೃತಶಿಲೆ ಬಣ್ಣದ ಕ್ರೇಫಿಶ್‌ನಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು, ಎಲ್ಲವೂ ತಾಯಿಯ ತದ್ರೂಪು. ಒಂದೇ ಒಂದು ಹೊಳೆಗೆ ಬಿದ್ದರೂ ಸಂತಾನ ಶುರು. ಮಡಗಾಸ್ಕರ್ ಸೇರಿದ ಅದು ಕೆಲವೇ ವರ್ಷದಲ್ಲಿ ಗದ್ದೆ, ಹೊಳೆಗಳನ್ನು ತುಂಬಿಕೊಂಡಿತು. ತನ್ನದೇ ಕ್ರೇಫಿಶ್‌ಗಳಿರುವ ದ್ವೀಪದಲ್ಲಿ ಈಗ ಇದರ ರಾಜ್ಯ.

ನಮ್ಮ ಘಟ್ಟದ ಏಡಿಗಳನ್ನು ನಾವಿನ್ನೂ ಎಣಿಸಿಯೇ ಮುಗಿಸಿಲ್ಲ. ಉತ್ತರ ಕನ್ನಡದ ಯಲ್ಲಾಪುರ ಭಾಗದಲ್ಲಿ ಸಿಕ್ಕ, ಬಿಳಿ-ನೇರಳೆ ಬಣ್ಣದ ‘ಘಟಿಯಾನ ದ್ವಿವರ್ಣ’ ಎಂಬ ಏಡಿ ವಿಜ್ಞಾನಕ್ಕೆ ಪರಿಚಯವಾದದ್ದು 2022ರಲ್ಲಿ. ಕಾಡಿನ ಸಣ್ಣ ತಾಣಗಳಲ್ಲಷ್ಟೇ ಬದುಕುವ ಇಂಥ ಜೀವಿಗಳ ನಡುವೆ ಬಿಲ ತೋಡುವ, ಸಿಕ್ಕಿದ್ದೆಲ್ಲ ತಿನ್ನುವ, ನೀರಿಲ್ಲದೆಯೂ ಒದ್ದೆ ನೆಲದಲ್ಲಿ ನಡೆದು ಹೋಗುವ ಹೊಸ ಪ್ರಾಣಿ ಬಂದರೆ ಏನಾದೀತು? ಏಡಿ ಕೊರೆದು ಗದ್ದೆಯ ಅಂಚು ಒಡೆಯಿತೆಂದು ಬಯ್ಯುವವರು ಆಗ ಏಡಿಯೇ ವಾಸಿ ಎನ್ನಬೇಕಾಗುತ್ತದೆ. ಇದಕ್ಕೆ ಆಗುಂಬೆ ತೀರ ಕೆಟ್ಟ ಜಾಗ. ಇಲ್ಲಿನ ನೀರು ಎರಡು ಕಡೆ ಹರಿಯುತ್ತದೆ, ಸೀತಾನದಿಯಾಗಿ ಘಟ್ಟ ಇಳಿದು ಅರಬ್ಬಿ ಸಮುದ್ರಕ್ಕೆ, ಮಾಲತಿಯಾಗಿ ತುಂಗೆ ಸೇರಿ ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ. ಇಲ್ಲಿ ತಪ್ಪಿಸಿಕೊಂಡದ್ದಕ್ಕೆ ಎರಡೂ ದಾರಿ ಮುಕ್ತ. ಜುಲೈನಲ್ಲಿ ಕೋಡಿ ಬೀಳದ ಹೊಂಡವನ್ನು ಮಲೆನಾಡಿನಲ್ಲಿ ಯಾರು ಕಟ್ಟಿದ್ದಾರೆ? ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷೇಧವಾಗಿ ಇಷ್ಟು ವರ್ಷವಾದರೂ ಅದು ನಮ್ಮ ಕೆರೆ-ಹೊಳೆಗಳಿಂದ ಹೋಗಿಲ್ಲ, ಆ ಪಾಠವೇ ಸಾಕು.

ಚಿಪ್ಪಿನ ಜೀವಿಯನ್ನೇ ಸಾಕಬೇಕೆಂಬ ಹಟವಿದ್ದವರಿಗೆ ನಮ್ಮದೇ ಸಿಹಿನೀರಿನ ದೊಡ್ಡ ಸಿಗಡಿ, ಪೇಟೆಯಲ್ಲಿ ಸ್ಕ್ಯಾಂಪಿ ಎನ್ನುವುದು, ಇದೆ. ಮೊಟ್ಟೆಯೊಡೆದು ಬರುವ ಅದರ ಎಳೆಮರಿಗಳು ಉಪ್ಪುಮಿಶ್ರಿತ ನೀರಿಲ್ಲದೆ ಬದುಕವು ಎಂಬುದನ್ನು 1960ರ ದಶಕದ ಆರಂಭದಲ್ಲಿ ಮಲೇಷ್ಯಾದಲ್ಲಿ ಶಾವ್ ವೆನ್ ಲಿಂಗ್ ಕಂಡುಹಿಡಿದ ಮೇಲೆಯೇ ಹ್ಯಾಚರಿಗಳು ಸಾಧ್ಯವಾದದ್ದು. ಅದೇ ಕಾರಣಕ್ಕೆ ಕೋಡಿಯಲ್ಲಿ ಕೊಚ್ಚಿಹೋದರೂ ಘಟ್ಟದ ಮೇಲೆ ಅದು ಸಂಸಾರ ಹೂಡಲಾರದು. ಆದರೆ ಅದು ಬೆಚ್ಚನೆಯ ನೀರಿನ ಪ್ರಾಣಿ, 26ರಿಂದ 31 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವುದು. ಡಿಸೆಂಬರ್-ಜನವರಿಯ ಮಲೆನಾಡಿನ ಚಳಿಗೆ ಮೇವು ಬಿಡುತ್ತದೆ. ವೈರಸ್ ಕಾಟವೂ ಸೇರಿ ಹಲವು ಕಾರಣಗಳಿಂದ ದೇಶದಲ್ಲಿ ಅದರ ಸಾಕಣೆ 2005ರ ನಂತರ ಕುಸಿದಿತ್ತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಬೇಗ ಬೆಳೆಯುವ ತಳಿ ಆಯ್ದು ಕೊಟ್ಟ ಮೇಲೆ ಮತ್ತೆ ಚಿಗುರುತ್ತಿದೆ. ಸಾಗರದ ಬಯಲು ಕಡೆಗೆ ಪ್ರಯತ್ನಿಸಬಹುದು. ಆಗುಂಬೆಗೆ ನಾನು ಹೇಳಲಾರೆ, ಅಲ್ಲಿಗೆ ಗೆಂಡೆಯೇ ಸರಿ.

ಪ್ರೀಬಯೋಟಿಕ್‌ಗೂ ಒಂದು ಜಾಗ ಇದೆ. ಮರಿ ತಂದು ಬಿಟ್ಟ ಮೊದಲ ವಾರಗಳು, ಸಾಗಣೆಯ ದಣಿವು, ಮಳೆ ಹೊಯ್ದು ನೀರು ದಿಢೀರನೆ ಬದಲಾದ ದಿನಗಳು, ಇಂಥ ಹೊತ್ತಿಗೆ ಒಳಗೇ ಬೆರೆಸಿ ತಯಾರಿಸಿದ ಮೇವನ್ನು ಕೊಟ್ಟರೆ ಪ್ರಯೋಜನ ಇದ್ದೀತು. ಅದನ್ನು ಮಲೆನಾಡಿನ ನೀರಿನಲ್ಲೇ ಪರೀಕ್ಷಿಸಿ ಹೇಳುವ ಕೆಲಸವನ್ನು ಮಂಗಳೂರಿನ ಕಾಲೇಜೂ, ಸಾಗರ ತಾಲ್ಲೂಕಿನ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೂ ಒಟ್ಟಿಗೆ ಎತ್ತಿಕೊಳ್ಳಬೇಕು. ಒಬ್ಬರಿಗೆ ಮೀನು ಗೊತ್ತು, ಇನ್ನೊಬ್ಬರಿಗೆ ಅಡಿಕೆ ಗೊತ್ತು, ತಾಮ್ರ ಮಾತ್ರ ಇಬ್ಬರ ಬೇಲಿಯ ನಡುವೆ ಹರಿದುಹೋಗುತ್ತಿದೆ.

ಅಲ್ಲಿಯವರೆಗೆ, ಪುಡಿಯ ಡಬ್ಬಿಗೆ ದುಡ್ಡು ಕೊಡುವ ಮೊದಲು ನಿಮ್ಮ ಹೊಂಡದ ಒಂದು ಲೀಟರ್ ನೀರನ್ನು ಶುದ್ಧ ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕೊಡಿ. ಪಿಎಚ್, ಕ್ಷಾರತೆ, ಗಡಸುತನ, ತಾಮ್ರ, ಈ ನಾಲ್ಕನ್ನು ನೋಡಿಕೊಡಿ ಎಂದು ಕೇಳಿ. ಕ್ರೇಫಿಶ್ ಮರಿ ಮಾರುತ್ತೇನೆಂದು ಯಾರಾದರೂ ಬಂದರೆ ಕೊಳ್ಳಬೇಡಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಒಂದು ಫೋನ್ ಮಾಡಿ.